ನಗುವ ಹಾವಿನ ಫೋಟೊ

ನಗಿಮಾಮ ಎರಡೇ ಎರಡು ಮಾತಿನ ಮೇಲೆ ಸಂಸಾರ ಸಾಗಿಸಿದ ಮನುಷ್ಯ. ಮದುವೆಯ ಜೋಡಿ, ಮೊದಲ ಹಲ್ಲು ಬಂದ ಕೂಸು, ನಿವೃತ್ತಿಯಾದ ಮೇಷ್ಟ್ರು, ಯಾರೇ ಅವನ ಸ್ಟುಡಿಯೊಗೆ ಬಂದು ಸ್ಟೂಲಿನ ಮೇಲೆ ಕೂತರೂ "ಒಂಚೂರು ನಗಿ" ಎನ್ನುವುದು ಒಂದು ಮಾತು. ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರಿಗೆ "ನಗಬೇಡಿ, ಬಾಯಿ ಮುಚ್ಚಿ, ನೇರ ನೋಡಿ" ಎನ್ನುವುದು ಇನ್ನೊಂದು. ಮೊದಲ ಮಾತು ಕೇಳಿ ಕೇಳಿ ಬೀದಿಯ ಮಕ್ಕಳು ಅವನಿಗೆ ನಗಿಮಾಮ ಎಂದು ಹೆಸರಿಟ್ಟರು. ಆಮೇಲೆ ದೊಡ್ಡವರೂ ಹಾಗೇ ಕರೆದರು. ಕೊನೆಗೆ ಅಂಗಡಿಯ ಬೋರ್ಡು ಬರೆಯುವವನೂ ಕೇಳದೆ ಅದನ್ನೇ ಬರೆದಿಟ್ಟುಹೋದ.

ಹಿಂದಿನ ಕೋಣೆಯಲ್ಲಿ ಕೂತು ಫೋಟೊ ಕತ್ತರಿಸಿ ಚೌಕಟ್ಟು ಕಟ್ಟುವ ಅವನ ಹೆಂಡತಿಗೆ ಮಾತ್ರ ಈ ಹೆಸರಿನ ಬಗ್ಗೆ ಅಷ್ಟು ಮರ್ಯಾದೆ ಇರಲಿಲ್ಲ. "ಇವರಿಗೆ ನೋಡೋದೇ ಕಸುಬು, ಕಾಣೋದು ಸೊನ್ನೆ" ಎಂದು ಬಂದವರೆದುರು ಹೇಳುತ್ತಿದ್ದಳು. ಆಕೆ ಮಂಡಿಯುದ್ದದ ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡದ್ದು ಗಂಡನಿಗೆ ಗೊತ್ತಾದದ್ದು ನಾದಿನಿಯ ಮದುವೆಯ ಫೋಟೊ ಅಚ್ಚಾಗಿ ಕೈಗೆ ಬಂದ ಮೇಲೆ. "ಇದ್ಯಾರೇ ನಿನ್ನ ಹಾಗೇ ಇದ್ದಾರೆ" ಎಂದು ಬೇರೆ ಕೇಳಿದ್ದ ಪುಣ್ಯಾತ್ಮ.

ಇಂಥವನ ಕೈಗೆ ಒಂದು ಹಾವು ಸಿಕ್ಕಿತು. ಸ್ಟುಡಿಯೊದ ಮೇಲಿನ ಕೋಣೆಯಲ್ಲಿದ್ದ ಬಾಡಿಗೆಯವನು ಹೇಳದೆ ಕೇಳದೆ ಜಾಗ ಖಾಲಿ ಮಾಡಿದ್ದ. ಹೊಸ ಬಾಡಿಗೆದಾರರಿಗೆ ತೋರಿಸಲು ಕೋಣೆಯ ಫೋಟೊ ತೆಗೆದುಕೊಡು ಎಂದು ಮಾಲೀಕರು ನಗಿಮಾಮನಿಗೆ ಬೀಗದ ಕೈ ಕೊಟ್ಟರು. ಬಚ್ಚಲಿನ ಬಾಗಿಲು ತೆಗೆದರೆ ನೆಲದ ಮೇಲೆ ಒಂದು ಗಾಜಿನ ಪೆಟ್ಟಿಗೆ, ಅದರ ಮೇಲೆ ತಂತಿಯ ಬಲೆಯ ಮುಚ್ಚಳ. ಒಳಗೆ ಮರದ ಹೊಟ್ಟಿನ ಮೇಲೆ, ಒಣಗಿದ ನೀರಿನ ಬಟ್ಟಲಿನ ಪಕ್ಕ, ಮೊಳಕೈ ದಪ್ಪದ ಕಂದು ಹಾವು ಬಿದ್ದಿತ್ತು. ವಿಷವಿಲ್ಲದ, ಜನ ಮನೆಯಲ್ಲಿ ಸಾಕುವ ಜಾತಿಯ ಹೆಬ್ಬಾವು. ಇದು ಅವನಿಗೆ ಆಗ ಗೊತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಇವನು ಕ್ಯಾಮೆರಾ ಎತ್ತಿಕೊಂಡ. ಗಾಜಿನ ಹತ್ತಿರ ಬಗ್ಗಿದಾಗ ಹಾವು ತಲೆ ಎತ್ತಿತು. ಅದರ ಬಾಯಿ ಒಂದು ಮೂಲೆಯಲ್ಲಿ ಸ್ವಲ್ಪ ತೆರೆದು ಮೇಲಕ್ಕೆ ಎಳೆದುಕೊಂಡಿತ್ತು.

"ನಗ್ತಾ ಇದೆ ಕಣೆ ಪಾಪ" ಎಂದು ಆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮೆಟ್ಟಿಲಿಳಿದು ಬಂದ.

"ಅದು ಒಳಗೆ ಬಂದ್ರೆ ನಾನು ಹೊರಗೆ" ಎಂದಳು ಹೆಂಡತಿ, ಕತ್ತರಿ ಕೈಯಲ್ಲೇ ಹಿಡಿದು.

"ಮೇಲೆ ಬಿಟ್ರೆ ಸತ್ತೋಗ್ತದೆ. ನೀರೂ ಇಲ್ಲ ಅದಕ್ಕೆ."

ಅವಳು ಒಂದು ಮಾರು ದೂರದಿಂದಲೇ ಕತ್ತು ಚಾಚಿ ನೋಡಿದಳು. ಅವಳ ನೆರಳು ಬಿದ್ದ ಕೂಡಲೆ ಹಾವು ಸರಸರನೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ತನ್ನದೇ ಮಡಿಕೆಯೊಳಗೆ ಬಚ್ಚಿಟ್ಟುಕೊಂಡಿತು. "ಅಯ್ಯೋ ಇದರ ಪುಕ್ಕಲುತನವೇ, ನನಗಿಂತ ಕಡೆ" ಎಂದಳು. ಅಷ್ಟರಲ್ಲಿ ಅರ್ಧ ಒಪ್ಪಿಗೆ ಸಿಕ್ಕಿಹೋಯಿತು. ಹಾವಿಗೆ ನಗು ಎಂದೇ ಹೆಸರಾಯಿತು. ನಗಿಮಾಮ ಇಟ್ಟ ಹೆಸರು, ಇನ್ನೇನಾಗಲು ಸಾಧ್ಯ.

ಅಲ್ಲಿಂದ ಮುಂದೆ ಅವನು ಮಾಡಿದ್ದೆಲ್ಲ ಪ್ರೀತಿಯಿಂದಲೇ. ಹೊಟ್ಟೆ ಉರಿಯುವುದು ಅದಕ್ಕೇ. ನಾಲ್ಕು ಜನ ನೋಡಲಿ, ಹಾವಿಗೂ ಹೊತ್ತು ಹೋಗಲಿ ಎಂದು ಪೆಟ್ಟಿಗೆಯನ್ನು ಬೀದಿಗೆ ಕಾಣುವ ಗಾಜಿನ ಪಕ್ಕ ಇಟ್ಟ. ಅಲ್ಲಿ ಇಡೀ ದಿನ ತಣ್ಣನೆ ಗಾಳಿ. ಬಂದವರೆಲ್ಲ ಗಾಜು ಕುಟ್ಟುತ್ತಿದ್ದರು. ಸಾಕುಪ್ರಾಣಿ ಅಂಗಡಿಯವನ ಮಾತು ಕೇಳಿ ಜೀವಂತ ಇಲಿಯನ್ನು ತಂದು ಒಳಗೆ ಬಿಟ್ಟ. ಹಾವು ಮುಟ್ಟಲಿಲ್ಲ. "ಇರಲಿ ಬಿಡು, ಅದಕ್ಕೂ ಜೊತೆಗೊಬ್ಬರು ಬೇಕಲ್ಲ" ಎಂದು ಇಲಿಯನ್ನು ಅಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡು ಹೋದ. ಮರುದಿನ ನಗುವಿನ ತುಟಿಯ ಪಕ್ಕ ಸಣ್ಣ ಗಾಯ. ಎಲ್ಲೋ ತರಚಿಕೊಂಡಿರಬೇಕು ಎಂದುಕೊಂಡ. ಹಾವು ಮೂತಿಯನ್ನು ತಂತಿಯ ಮುಚ್ಚಳಕ್ಕೆ ಒತ್ತಿ ಒತ್ತಿ ಉಜ್ಜುತ್ತಿತ್ತು. "ನೋಡೇ, ಮುತ್ತು ಕೊಡ್ತಿದೆ" ಎಂದು ಹೆಂಡತಿಯನ್ನು ಕರೆದು ತೋರಿಸಿದ. ಅವಳೂ ನಕ್ಕಳು. ಅವಳಿಗೂ ಆಗ ಏನೂ ಕಾಣಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ.

ಒಂದು ಬೆಳಿಗ್ಗೆ ಓರೆ ಬಿಸಿಲು ಗಾಜಿನ ಮೇಲೆ ಚೆನ್ನಾಗಿ ಬಿದ್ದಿತ್ತು. ನಗಿಮಾಮ ತೆಗೆದ ಫೋಟೊ ಅವನ ಕಸುಬಿನಲ್ಲೇ ಹೆಸರು ತಂದ ಫೋಟೊ. ಹಾವು ತಲೆ ಓರೆ ಮಾಡಿ ತುಟಿಯ ಮೂಲೆಯಲ್ಲಿ ನಗುತ್ತಿತ್ತು. ಅದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿಸಿ, ಚೌಕಟ್ಟು ಕಟ್ಟಿಸಿ, ಅಂಗಡಿಯ ಮುಂದಿನ ಗಾಜಿನಲ್ಲಿ ನೇತುಹಾಕಿ, ಕೆಳಗೆ "ಒಂಚೂರು ನಗಿ" ಎಂದು ಬರೆಸಿದ. ಜನ ನಿಂತು ನೋಡಿದರು. ಮಕ್ಕಳು ಅಪ್ಪಂದಿರ ಕೈ ಜಗ್ಗಿ ಒಳಗೆ ಎಳೆದುಕೊಂಡು ಬಂದರು. ಮೊಬೈಲು ಬಂದ ಮೇಲೆ ನೊಣ ಹೊಡೆಯುತ್ತಿದ್ದ ಸ್ಟುಡಿಯೊದಲ್ಲಿ ಕೂರಲು ಜಾಗ ಸಾಲದಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಪಾಸ್‌ಪೋರ್ಟ್ ಫೋಟೊಕ್ಕೆಂದು ಬಂದಳು. ಒಳಗೆ ಬರುವ ಮೊದಲು ಆ ಫೋಟೊದ ಮುಂದೆ ಬಹಳ ಹೊತ್ತು ನಿಂತಿದ್ದಳು. ಎಲ್ಲರೂ ನಿಲ್ಲುತ್ತಿದ್ದರು, ಆದರೆ ಈಕೆ ನಗಲಿಲ್ಲ. ಸ್ಟೂಲಿನ ಮೇಲೆ ಕೂತವಳು "ಆ ಹಾವು ಎಲ್ಲಿದೆ" ಎಂದು ಕೇಳಿದಳು.

"ಇಲ್ಲೇ ಇದೆ ಮೇಡಂ, ನಮ್ಮದೇ. ಆಮೇಲೆ ತೋರಿಸ್ತೀನಿ. ಈಗ ನಗಬೇಡಿ, ಬಾಯಿ ಮುಚ್ಚಿ, ನೇರ ನೋಡಿ."

"ನನ್ನ ಬಾಯಿ ಆಮೇಲೆ ಮುಚ್ಚೋಣ. ಮೊದಲು ಅದರ ಬಾಯಿ ನೋಡಬೇಕು. ನಾನು ಪ್ರಾಣಿಗಳ ಡಾಕ್ಟ್ರು."

ಡಾಕ್ಟರಮ್ಮ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತು ಎಲ್ಲ ಕೇಳಿಕೊಂಡಳು. ಏನು ತಿಂತದೆ, ಎಲ್ಲಿಂದ ಬಂತು, ಯಾವಾಗಿನಿಂದ ಬಾಯಿ ಹೀಗಿದೆ. ನಗಿಮಾಮ ಹುರುಪಿನಿಂದ ಹೇಳಿದ. ಬಂದ ದಿನದಿಂದಲೂ ನಗುತ್ತಲೇ ಇದೆ ಎಂದ. ಆಕೆ ಎದ್ದು ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅದು ನಗ್ತಿಲ್ಲ ಸರ್. ಅದಕ್ಕೆ ಬಾಯಿ ಮುಚ್ಚೋಕೆ ಆಗ್ತಿಲ್ಲ. ಒಸಡು ಬಾತು ಕೀವು ಕಟ್ಟಿದೆ. ತುಟಿ ಹತ್ರ ಇರೋದು ಇಲಿ ಕಚ್ಚಿದ ಗಾಯ. ಮೂತಿ ಹೀಗೆ ಕಿತ್ತುಹೋಗಿರೋದು ಆ ತಂತಿಗೆ ಉಜ್ಜಿ ಉಜ್ಜಿ."

"ಮುತ್ತು..." ಎಂದು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ.

"ಹೊರಗೆ ಬರೋಕೆ ದಾರಿ ಹುಡುಕ್ತಾ ಇತ್ತು" ಎಂದಳು ಡಾಕ್ಟರಮ್ಮ.

ನಗಿಮಾಮನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೆ ಅನ್ನಿಸಿತು. ನೋವಿನಲ್ಲಿದ್ದ ಜೀವಕ್ಕೆ ನಗು ಎಂದು ಹೆಸರಿಟ್ಟು, ಆ ನೋವನ್ನೇ ಆಳೆತ್ತರ ದೊಡ್ಡದು ಮಾಡಿ ಬೀದಿಯಲ್ಲಿ ನೇತುಹಾಕಿದ್ದ. ಅವನು ಹೊರಗೆ ಹೋಗಿ ಫೋಟೊ ಇಳಿಸಿ, ಮುಖ ಗೋಡೆಗೆ ಮಾಡಿ ನಿಲ್ಲಿಸಿದ. ಪಾಸ್‌ಪೋರ್ಟ್ ಫೋಟೊ ತೆಗೆಯುವುದು ಇಬ್ಬರಿಗೂ ಮರೆತೇಹೋಯಿತು.

ಆಸ್ಪತ್ರೆ ಎರಡು ಬೀದಿ ಆಚೆ. ಪೆಟ್ಟಿಗೆ ಹೊತ್ತು ಗಂಡ ಹೆಂಡತಿ ಇಬ್ಬರೂ ಡಾಕ್ಟರಮ್ಮನ ಹಿಂದೆ ಹೋದರು. ಕಿಟಕಿಯ ಪಕ್ಕ ಉಕ್ಕಿನ ಮೇಜು, ಅದರ ಮೇಲೆ ಮಡಿಸಿದ ಮೆತ್ತನೆ ಟವೆಲು. ಡಾಕ್ಟರಮ್ಮನಿಗೆ ಇನ್ನೆರಡು ಜೊತೆ ಕೈ ಬೇಕಿತ್ತು, ಸಹಾಯಕಿ ರಜೆಯಲ್ಲಿದ್ದಳು. ಹಾವಿನ ತಲೆ ಹಿಡಿಯಲು ನಗಿಮಾಮ ಮುಂದೆ ಬಂದ. ಅವನ ಕೈ ಗಡಗಡ ನಡುಗುತ್ತಿತ್ತು.

"ಆ ಕಡೆ ಸರೀರಿ" ಎಂದು ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. ಹಸಿ ಫೋಟೊವನ್ನು ಬೆರಳಚ್ಚು ಬೀಳದ ಹಾಗೆ ಅಂಚಿನಲ್ಲಿ ಹಿಡಿದು ಹಿಡಿದು ಅಭ್ಯಾಸವಾದ ಕೈ ಅವಳದು. ದವಡೆಯ ಹಿಂದೆ ಎರಡು ಬೆರಳಲ್ಲಿ ಹಗುರವಾಗಿ ಹಿಡಿದಳು. ಹಾವು ಒಮ್ಮೆ ಕೊಸರಿ ಸುಮ್ಮನಾಯಿತು. "ನಾನು ಹಾವಿಗೆ ಹೆದರಲ್ಲ ಅಂತ ಅಂದ್ಕೋಬೇಡಿ ಡಾಕ್ಟ್ರೇ, ಜೀವ ಬಾಯಿಗೆ ಬಂದಿದೆ" ಎಂದಳು.

"ಅದರ ಜೀವವೂ ಬಾಯಲ್ಲೇ ಇದೆ" ಎಂದಳು ಡಾಕ್ಟರಮ್ಮ. "ಸರ್, ನೀವು ದೀಪ ಹಿಡೀರಿ. ಬೆಳಕು ನಿಮ್ಮ ಕಸುಬು."

ಹಾಗಾಗಿ ನಗಿಮಾಮ ನೋಡಲೇಬೇಕಾಯಿತು. ಮೆತ್ತನೆ ಚಪ್ಪಟೆ ಕಡ್ಡಿಯಿಂದ ಡಾಕ್ಟರಮ್ಮ ಬಾಯಿ ಬಿಡಿಸಿದಳು. ತಿಳಿ ಗುಲಾಬಿಯಾಗಿರಬೇಕಾದ ಒಳಗು ಕೆಂಪಗೆ ಕೆರಳಿತ್ತು, ಅಲ್ಲಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆ. ಎಡ ಒಸಡಿನ ಉದ್ದಕ್ಕೂ ಹಳದಿ ಬಣ್ಣದ ಗಟ್ಟಿ ಪದಾರ್ಥ ಅಂಟಿಕೊಂಡಿತ್ತು. ಹಾವಿನ ಕೀವು ನಮ್ಮದರಂತೆ ಹರಿಯುವುದಿಲ್ಲ, ಮೇಣದ ಹಾಗೆ ಹೆಪ್ಪುಗಟ್ಟಿ ಕೂರುತ್ತದೆ, ಬಿಡಿಸಿ ತೆಗೆಯಬೇಕು ಎಂದಳು. ಮೊದಲು ಹತ್ತಿಕಡ್ಡಿಯಲ್ಲಿ ಒಂದಿಷ್ಟು ಒರೆಸಿ ಪರೀಕ್ಷೆಗೆ ಎತ್ತಿಟ್ಟಳು, ಯಾವ ರೋಗಾಣು ಎಂದು ತಿಳಿದರೆ ಸರಿಯಾದ ಔಷಧಿ ಕೊಡಬಹುದು. ಆಮೇಲೆ ನೋವು ತಿಳಿಯದ ಹಾಗೆ ಔಷಧಿ ಕೊಟ್ಟು, ಚೂರು ಚೂರೇ ಬಿಡಿಸಿದಳು. ಸಡಿಲಾಗಿದ್ದ ಪುಟ್ಟ ಹಲ್ಲುಗಳು ಜೊತೆಯಲ್ಲಿ ಬಂದವು.

"ಹಲ್ಲು ಹೋಯ್ತಲ್ಲ" ಎಂದ ನಗಿಮಾಮ.

"ಹಾವಿಗೆ ಮತ್ತೆ ಬರ್ತವೆ. ಹೋದ್ರೆ ಬರದೇ ಇರೋದು ನಮಗೆ. ದೀಪ ಅಲ್ಲಾಡಿಸಬೇಡಿ."

ಎಕ್ಸರೇ ನೋಡಿ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡಳು. ಸೋಂಕು ದವಡೆಯ ಮೂಳೆಯ ಅಂಚಿಗೆ ಬಂದು ನಿಂತಿತ್ತು. ಔಷಧಿ ಹಿಡಿದು, ಗಾಯ ಮಾಯ್ದು, ಹಾವು ತಾನಾಗಿ ತಿಂದರೆ ಬದುಕುತ್ತದೆ. "ತಿನ್ನದೇ ಹೋದ್ರೆ ಮೂಳೆ ಒಳಗೇ ಇಳಿದಿದೆ ಅಂತ ಅರ್ಥ. ಆಗ ಅಷ್ಟು ನೋವಲ್ಲಿ ಅದನ್ನ ಇಟ್ಕೊಳ್ಳೋದು ಸರಿಯಲ್ಲ. ನಾನೇ ನಿದ್ದೆ ಬರಿಸಿ ಕಳಿಸಿಕೊಡ್ತೀನಿ" ಎಂದಳು. ನಗಿಮಾಮ ತಲೆಯಾಡಿಸಿದ.

ಸ್ಟುಡಿಯೊಗೆ ಬಂದವನೇ ಅವನು ಮೊದಲು ಕತ್ತಲೆ ಕೋಣೆಯ ಬೀಗ ತೆಗೆದ. ರೀಲಿನ ಕಾಲದಲ್ಲಿ ಫೋಟೊ ತೊಳೆಯುತ್ತಿದ್ದ ಆ ಪುಟ್ಟ ಕೋಣೆ ವರ್ಷಗಟ್ಟಲೆ ಮುಚ್ಚಿತ್ತು. ಧೂಳು ಹೊಡೆದು, ಹಳೆಯ ರಾಸಾಯನಿಕದ ಬಾಟಲಿಗಳನ್ನೆಲ್ಲ ಹೊರಗೆ ಸಾಗಿಸಿ, ಗೋಡೆ ನೆಲ ತಿಕ್ಕಿ ತೊಳೆದು, ವಾಸನೆ ಪೂರ್ತಿ ಹೋದ ಮೇಲೆ ನಗುವಿನ ಪೆಟ್ಟಿಗೆಯನ್ನು ಅಲ್ಲಿಗೆ ತಂದ. ಬೆಚ್ಚಗೆ, ಗದ್ದಲವಿಲ್ಲದೆ, ಗಾಜು ಕುಟ್ಟುವವರಿಲ್ಲದೆ. ತಂತಿಯ ಮುಚ್ಚಳ ಹೋಗಿ ತೂತು ಕೊರೆದ ನುಣುಪು ಹಲಗೆ ಬಂತು. ಗಾಯಕ್ಕೆ ಅಂಟುವ ಹೊಟ್ಟಿನ ಬದಲು ಹಾಳೆ ಹಾಸಿದರು, ಅಡಗಲು ಬೋರಲು ಹಾಕಿದ ಒಂದು ಡಬ್ಬಿ ಇಟ್ಟರು. ಒಂದು ಪಕ್ಕಕ್ಕೆ ಶಾಖದ ಹಲಗೆ, ಅದರ ಮೇಲೆ ಉಷ್ಣಮಾಪಕ. ಮೈ ಬೆಚ್ಚಗಿಲ್ಲದ ಹಾವಿಗೆ ಎಂಥ ಔಷಧಿಯೂ ಹಿಡಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಳು. ನಗಿಮಾಮ ಗಿರಾಕಿಗಳನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಆ ಉಷ್ಣಮಾಪಕ ನೋಡಿ ಬರುತ್ತಿದ್ದ.

ದಿನವೂ ಬಾಯಿ ತೊಳೆಯುವ ಕೆಲಸ. ಹೆಂಡತಿ ತಲೆ ಹಿಡಿದು ಸ್ವಲ್ಪ ಕೆಳಮುಖ ಮಾಡುವಳು. ನಾಲಿಗೆಯ ಹಿಂದೆಯೇ ಉಸಿರಿನ ತೂತು, ನೀರು ಅಲ್ಲಿಗೆ ಹೋಗಬಾರದು. ನೀರು ಬೆರೆಸಿ ತೆಳು ಮಾಡಿದ ಔಷಧಿಯಲ್ಲಿ ನಗಿಮಾಮ ಹತ್ತಿಕಡ್ಡಿ ಅದ್ದಿ ಒಸಡು ಒರೆಸುವನು. ತುಟಿಯ ಗಾಯಕ್ಕೆ, ಮೂತಿಗೆ ಮುಲಾಮು. ಇಂಜೆಕ್ಷನ್ನಿಗೆ ಆಸ್ಪತ್ರೆಗೆ ಹೋಗಬೇಕು. ಅದನ್ನು ಮೈಯ ಮುಂದಿನ ಭಾಗಕ್ಕೇ ಚುಚ್ಚುತ್ತಾರೆ, ಬಾಲದ ಕಡೆ ಕೊಟ್ಟರೆ ಮೂತ್ರಪಿಂಡಕ್ಕೆ ತೊಂದರೆಯಂತೆ. "ಬಾಯಿ ತೆರಿ ಕಂದ, ಒಂಚೂರು ತೆರಿ" ಎಂದು ಅವನು ಗೋಗರೆಯುವುದು ಕೇಳಿ ಹೆಂಡತಿಗೆ ನಗು ಬರುತ್ತಿತ್ತು. "ಎಲ್ಲರಿಗೂ ಬಾಯಿ ಮುಚ್ಚಿ ಮುಚ್ಚಿ ಅಂದವರಿಗೆ ತಕ್ಕ ಶಾಸ್ತಿ" ಎನ್ನುವಳು.

ಆದರೆ ಸ್ಟುಡಿಯೊದಲ್ಲಿ ಅವನ ಹಳೆಯ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. "ಒಂಚೂರು ನಗಿ" ಎನ್ನಲು ಹೋದರೆ ಆ ಕೆರಳಿದ ಒಸಡು ಕಣ್ಣ ಮುಂದೆ ಬರುತ್ತಿತ್ತು. "ನಿಮಗೆ ಹೇಗೆ ಬೇಕೋ ಹಾಗೆ ಇರಿ" ಎಂದು ಸುಮ್ಮನಾಗುವನು. ನಗಿಮಾಮ ನಗಿಸುವುದನ್ನೇ ಬಿಟ್ಟ ಎಂದು ತಾಯಂದಿರು ಗೊಣಗಿದರು. ಒಮ್ಮೆ ಒಬ್ಬಳು ಹುಡುಗಿ ಕೆಲಸದ ಅರ್ಜಿಗೆ ಫೋಟೊ ತೆಗೆಸಲು ಬಂದು, ಕೇಳುವ ಮೊದಲೇ ಹಲ್ಲೆಲ್ಲ ಕಾಣುವಂತೆ ನಕ್ಕಳು. ಅವನು ಕ್ಯಾಮೆರಾ ಕೆಳಗಿಳಿಸಿ "ಕಾಲು ನೋಯ್ತಿದೆಯಾ ತಾಯಿ" ಎಂದ. ಹುಡುಗಿ ಬೆಪ್ಪಾದಳು. ಹೊಸ ಚಪ್ಪಲಿ ಕಚ್ಚುತ್ತಿತ್ತು. ಬಿಚ್ಚಿಟ್ಟು ಕೂತ ಮೇಲೆ ಬಂದ ಫೋಟೊ ನೋಡಿ "ಇದು ನಾನೇನಾ" ಎಂದು ಅವಳು ಎರಡು ಸಲ ಕೇಳಿದಳು. ಒಳಗಿನಿಂದ ಇಣುಕಿದ ಹೆಂಡತಿ ಕತ್ತರಿ ಕೆಲಸಕ್ಕೆ ಮರಳಿದಳು.

ನಗುವಿನ ಬಾವು ಇಳಿಯಿತು. ಒಂದು ದಿನ ಕಣ್ಣಿಗೆ ಹಾಲು ಬಣ್ಣದ ಪೊರೆ ಬಂತು. ಪೊರೆ ಬಿಡುವ ಹೊತ್ತು. ಹಾವು ಪೊರೆ ಕಳಚುವುದು ತುಟಿಯ ತುದಿಯಿಂದ, ಆದರೆ ಇದಕ್ಕೆ ಅಲ್ಲೇ ಗಾಯ. ಹಳೆಯ ಚರ್ಮ ತುಟಿಯಲ್ಲಿ ಕಚ್ಚಿಕೊಂಡು ನಿಂತುಬಿಟ್ಟಿತು. ಎಳೆಯಬೇಡಿ ಎಂದಿದ್ದಳು ಡಾಕ್ಟರಮ್ಮ. ಒದ್ದೆ ಬಟ್ಟೆ ತುಂಬಿದ ಡಬ್ಬಿ ಇಟ್ಟು ಇಬ್ಬರೂ ಕಾದರು. ಹಳೆಯ ಚರ್ಮ ನೆನೆದು, ತಾನಾಗಿ ಕಾಲುಚೀಲ ತೆಗೆದ ಹಾಗೆ ಮೈಯುದ್ದಕ್ಕೂ ಮಗುಚಿಕೊಂಡು ಬಂತು. ಅದರಡಿಯಲ್ಲಿ ಹೊಸ ಮುಖ. ಮೂತಿಯ ಮೇಲೆ ಒಂದು ಬಿಳಿ ಕಲೆ, ತುಟಿಯಲ್ಲಿ ಇಲಿ ಕಚ್ಚಿದ ಕಡೆ ಪುಟ್ಟ ಕಚ್ಚು. ಬಾಯಿ ಗೆರೆ ಎಳೆದಂತೆ ನೇರವಾಗಿ ಮುಚ್ಚಿತ್ತು.

"ನಗು ಹೋಯ್ತು" ಎಂದಳು ಹೆಂಡತಿ.

"ಹೋಗಲಿ, ಒಳ್ಳೇದಾಯ್ತು" ಎಂದ ನಗಿಮಾಮ. ಅವನ ಕಣ್ಣು ತುಂಬಿತ್ತು.

ಆದರೆ ಹಾವು ತಿನ್ನಲಿಲ್ಲ. ಜೀವಂತ ಇಲಿಯ ಮಾತೇ ಈಗ ಇಲ್ಲ. ಮಂಜುಗಟ್ಟಿಸಿದ ಇಲಿಯನ್ನು ಕರಗಿಸಿ, ಬಿಸಿ ನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ತೋರಿಸಬೇಕು. ಮೊದಲ ಸಲ ನಗು ತಲೆ ತಿರುಗಿಸಿಕೊಂಡಿತು. ಮುಂದಿನ ಸಲ ಎರಗಿತು, ಕಚ್ಚಿತು, ಬಿಟ್ಟುಬಿಟ್ಟಿತು. ಆಮೇಲೆ ಅದೂ ಇಲ್ಲ. ಬೆನ್ನೆಲುಬು ಏಣಾಗಿ ಕಾಣತೊಡಗಿತು. ಡಾಕ್ಟರಮ್ಮ ತೂಕ ನೋಡಿ ಚೀಟಿಯಲ್ಲಿ ಬರೆದುಕೊಂಡಳು. "ಈ ವಾರ ನೋಡೋಣ. ಆಗದಿದ್ರೆ ಶನಿವಾರ ಕರ್ಕೊಂಡು ಬನ್ನಿ" ಎಂದಳು. ಯಾಕೆ ಎಂದು ನಗಿಮಾಮ ಕೇಳಲಿಲ್ಲ. ಅವನಿಗೆ ಅನ್ನ ನೀರು ಸೇರದಾಯಿತು. ತಾನು ಅಂದೇ, ಮೊದಲ ದಿನವೇ ಬಾಯಿ ನೋಡಿದ್ದರೆ ಎಂದು ಒಂದೇ ಮಾತು ಹಿಡಿದು ಕೊರಗಿದ.

ಶುಕ್ರವಾರ ಮಧ್ಯಾಹ್ನ ಹೆಂಡತಿ ಊಟದ ತಟ್ಟೆ ಅವನ ಮುಂದೆ ಇಟ್ಟು ಹೇಳಿದಳು. "ನೀವು ಇಕ್ಕಳ ಹಿಡಿದು ಅದರ ಮುಖದ ಮುಂದೇನೇ ಕೂತಿರ್ತೀರಿ. ಯಾರಾದ್ರೂ ನಿಮ್ಮನ್ನ ಹಾಗೆ ದುರುಗುಟ್ಟಿ ನೋಡ್ತಾ ಇದ್ರೆ ನಿಮಗೆ ತುತ್ತು ಇಳಿಯುತ್ತಾ?"

ಅವನು ಎದ್ದು ಅಟ್ಟದಿಂದ ಅಪ್ಪನ ಕಾಲದ ಮುಕ್ಕಾಲಿ ಕ್ಯಾಮೆರಾದ ಕಪ್ಪು ಬಟ್ಟೆ ಹುಡುಕಿ ತಂದ. ತಲೆಯ ಮೇಲೆ ಹೊದ್ದುಕೊಂಡು ಫೋಟೊ ತೆಗೆಯುತ್ತಿದ್ದ ಬಟ್ಟೆ. ಅದನ್ನು ಪೆಟ್ಟಿಗೆಗೆ ಹೊದಿಸಿ, ಒಂದು ಅಂಚು ಮಾತ್ರ ಎತ್ತಿ, ಕೋಣೆಯ ಹಳೆಯ ಕೆಂಪು ದೀಪ ಹಾಕಿದ. ಇಲಿಯನ್ನು ಅಡಗುಡಬ್ಬಿಯ ಬಾಯಿಗೆ ತಂದು, ತನ್ನ ಮುಖ ಪಕ್ಕಕ್ಕೆ ಸರಿಸಿ ಉಸಿರು ಹಿಡಿದು ಕೂತ. ಕೈ ಸೋತುಬಂತು. ಇನ್ನೇನು ಇಕ್ಕಳ ಕೆಳಗಿಡಬೇಕು, ಅಷ್ಟರಲ್ಲಿ ಅದನ್ನು ಒಳಗಿನಿಂದ ಥಟ್ಟನೆ ಎಳೆದಂತಾಯಿತು. ಬಟ್ಟೆಯ ಅಂಚಿನಿಂದ ಇಣುಕಿದರೆ ನಗು ಇಲಿಯನ್ನು ಸುತ್ತಿ ಹಿಡಿದಿತ್ತು. ಆಮೇಲೆ ಸುತ್ತು ಸಡಿಲಿಸಿ, ತಲೆಯ ಕಡೆಯಿಂದ, ಗಾಯವಾಗಿದ್ದ ಎಡ ದವಡೆಯನ್ನೂ ಬಲ ದವಡೆಯನ್ನೂ ಒಂದಾದ ಮೇಲೊಂದು ಮುಂದಕ್ಕೆ ಸರಿಸುತ್ತ ನುಂಗಿತು. ಬಾಲವೂ ಒಳಗೆ ಹೋಯಿತು.

ಅವನಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣ ಬಂದ ಜೀವ ಮತ್ತೆ ಹೋಯಿತು. ನಗು ತಲೆ ಎತ್ತಿ ಬಾಯನ್ನು ಅಗಲವಾಗಿ, ಸೊಟ್ಟಗೆ, ಕೆಳದವಡೆ ಒಂದು ಕಡೆ ಮೇಲ್ದವಡೆ ಒಂದು ಕಡೆ ಹೋಗುವಂತೆ ತೆರೆದು ನಿಂತಿತ್ತು. ನಗಿಮಾಮ ಡಾಕ್ಟರಮ್ಮನಿಗೆ ಫೋನು ಮಾಡಿದ.

"ಮೇಡಂ, ಮತ್ತೆ ಶುರುವಾಯ್ತು. ಬಾಯಿ ಮುಚ್ತಿಲ್ಲ. ದವಡೆ ಮುರೀತೋ ಏನೋ. ನಾನು ನಗು ಅಂತ ಹೇಳ್ತಿಲ್ಲ ಮೇಡಂ, ನಿಜವಾಗ್ಲೂ ತೆರೆದುಕೊಂಡಿದೆ."

"ತಿಂತಾ?"

"ಪೂರ್ತಿ ತಿಂತು. ತಿಂದ ಮೇಲೆ ಹೀಗಾಯ್ತು."

ಆ ಕಡೆ ಡಾಕ್ಟರಮ್ಮ ನಕ್ಕಳು. ಅವಳು ನಕ್ಕಿದ್ದನ್ನು ಅವನು ಕೇಳಿದ್ದು ಅದೇ ಮೊದಲು. "ನುಂಗಿದ ಮೇಲೆ ದವಡೆ ಸರಿಯಾಗಿ ಕೂರಿಸ್ಕೊಳ್ತಿದೆ ಸರ್. ಎಲ್ಲ ಹಾವೂ ಮಾಡ್ತವೆ. ಹೊಟ್ಟೆ ತುಂಬಿದ ಆಕಳಿಕೆ ಅಂತ ಇಟ್ಕೊಳ್ಳಿ. ಈಗ ಬೇಕಾದ್ರೆ ನಗು ಅನ್ನಿ, ನಾನು ಬೇಡ ಅನ್ನಲ್ಲ. ನಾಳೆ ಬರಬೇಡಿ. ನಾನೇ ಬರ್ತೀನಿ, ನನ್ನ ಪಾಸ್‌ಪೋರ್ಟ್ ಫೋಟೊ ಇನ್ನೂ ಬಾಕಿ ಇದೆ."

ಫೋನು ಇಟ್ಟು ಅವನು ನೆಲದ ಮೇಲೆ ಕೂತುಬಿಟ್ಟ. ನಗು ಬಾಯಿ ಮುಚ್ಚಿತು, ನಾಲಿಗೆ ಚಾಚಿ ಗಾಳಿ ನೋಡಿತು, ಇನ್ನೊಮ್ಮೆ ದೊಡ್ಡದಾಗಿ ಬಾಯಿ ತೆರೆಯಿತು. ಕೆಂಪು ದೀಪದಲ್ಲಿ ಒಳಗೆಲ್ಲ ನುಣುಪಾಗಿ ಹೊಳೆಯಿತು, ಎಲ್ಲಿಯೂ ಬಾವಿಲ್ಲ. ಎಡ ಒಸಡಿನಲ್ಲಿ ಹೊಸ ಹಲ್ಲಿನ ಮೊನೆಗಳು ಕಾಣುತ್ತಿದ್ದವು.

ಸದ್ದು ಕೇಳಿ ಹೆಂಡತಿ ಬಾಗಿಲು ಸರಿಸಿ ಬಂದಳು. ವಿಷಯ ಕೇಳಿ ಕೆನ್ನೆಗೆ ಕೈ ಇಟ್ಟುಕೊಂಡು ಅಲ್ಲೇ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು. "ಫೋಟೊ ತೆಗೆದ್ರಾ?"

"ಇಲ್ಲ."

"ಇಷ್ಟು ದೊಡ್ಡದಾಗಿ ಬಾಯಿ ತೆರೆದಿತ್ತು ಅಂತೀರಿ. ಕ್ಯಾಮೆರಾ ಅಲ್ಲೇ ಇದೆಯಲ್ಲ."

"ನೋಡ್ತಾ ಇದ್ದೆ" ಎಂದ ನಗಿಮಾಮ.

ಅವಳು ಅವನ ಪಕ್ಕದಲ್ಲಿ ಕೂತಳು. ಹಾವು ಉಬ್ಬಿದ ಹೊಟ್ಟೆಯನ್ನು ಎಳೆದುಕೊಂಡು ನಿಧಾನವಾಗಿ ಬೆಚ್ಚನೆಯ ಮೂಲೆಗೆ ಹೋಯಿತು. ನಗಿಮಾಮ ಹೆಂಡತಿಯ ಕಡೆ ತಿರುಗಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿದ.

"ಈ ಕನ್ನಡಕ ಹೊಸದಾ?" ಎಂದು ಕೇಳಿದ.

"ತಗೊಂಡು ಎರಡು ವರ್ಷ ಆಯ್ತು" ಎಂದಳು ಅವಳು. "ಪರವಾಗಿಲ್ಲ, ಈ ಸಲ ಫೋಟೊ ಇಲ್ಲದೇನೇ ಕಾಣ್ತು."